ರೂರಿಯ ಹೆಸರಿನ ಹೂವು

“ಆ ಹೂವಿಗೆ ರೂರಿ ಹೆಸರು ಇಡೋಕಾಗಲ್ಲ, ಅತ್ತೆ,” ಎಂದಳು ಊನಾ.

ಚಹಾ ಬಗ್ಗಿಸುತ್ತಿದ್ದ ಪೀಗಿಯ ಕೈ ಅಲ್ಲೇ ನಿಂತಿತು. ಎರಡು ವರ್ಷದ ಹಿಂದೆ, ಲೂಯಿಸ್ ದ್ವೀಪದ ಕಡಲಬಂಡೆಯಲ್ಲಿ ಆ ಪುಟ್ಟ ಗುಲಾಬಿ ಬಣ್ಣದ ಹೂಗಿಡ ಕೀಳಲು ಇಳಿದ ಅವಳ ಒಬ್ಬನೇ ಮಗ ರೂರಿ ಜಾರಿ ನೀರುಪಾಲಾಗಿದ್ದ. ಅವನನ್ನು ಮದುವೆಯಾಗಬೇಕಿದ್ದ ಊನಾ ಸಸ್ಯಶಾಸ್ತ್ರ ಓದಿದವಳು. ಇದು ಹೊಸ ಜಾತಿಯ ಗಿಡ, ಇದಕ್ಕೆ ಅವನ ಹೆಸರನ್ನೇ ಇಡಿಸುತ್ತೇನೆ ಎಂದು ಮಾತು ಕೊಟ್ಟಿದ್ದಳು.

“ಯಾಕಾಗಲ್ಲ?”

“ನಾರ್ವೆಯೋನೊಬ್ಬ ಯಾವತ್ತೋ ಇದಕ್ಕೆ ಹೆಸರಿಟ್ಟಿದಾನೆ. ಮೊದಲು ಇಟ್ಟಿದ್ದೇ ನಿಲ್ಲೋದು.”

“ಯಾರ ಹೆಸರು?”

“ಅವನ ಹೆಂಡತೀದು.”

“ಆಗ ಬದುಕಿದ್ಲಾ ಅವಳು?”

“ಹೂಂ.”

“ಹೆಸರು ಹಿಡಿದು ಕರೆಯೋಕೆ ಗಂಡ ಇದ್ನಲ್ಲ! ಹೂವು ಬೇರೆ ಬೇಕಿತ್ತಾ ಅವಳಿಗೆ?”

ಊನಾ ಬಿಕ್ಕಿ ಬಿಕ್ಕಿ ಅತ್ತಳು. ಪೀಗಿ ಅಳಲಿಲ್ಲ. ಹೆಣ ಸಿಗದ ಮಗನಿಗೆ ಚರ್ಚಿನ ಅಂಗಳದಲ್ಲಿ ಒಂದು ಕಲ್ಲು ನೆಡಿಸೋಣ ಎಂದು ಊರವರು ಬಂದಾಗಲೆಲ್ಲ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಈಗ ಗೂಟದಲ್ಲಿದ್ದ ಕೋಟು ತೆಗೆದು ತೊಟ್ಟಳು.

“ಏಳಮ್ಮ,” ಎಂದಳು, “ಕಲ್ಲು ಕೆತ್ತೋನು ಈಗ ಮನೇಲಿರ್ತಾನೆ. ಹೋಗಿ ಹೇಳಿ ಬರೋಣ.”