ಹೆಬ್ಬೆಟ್ಟಿಗೆ ತಕ್ಕ ಕಾಫಿ ಮೆಷಿನ್

ಕೊಳ್ಳುವವರಿಗೆ ಉಳಿದಿರುವ ಆಯುಷ್ಯಕ್ಕಿಂತ ಹೆಚ್ಚು ಬಾಳುವ ವಸ್ತುವನ್ನು ಅಂಗಡಿಯವರು ಮಾರುವಂತಿಲ್ಲ. ವಾರಿಜಾ ಎಂದಿನಂತೆ ಕೌಂಟರ್ ಮೇಲಿನ ಆಯುಷ್ಯ ಅಳೆಯುವ ಗಾಜಿಗೆ ಹೆಬ್ಬೆಟ್ಟು ಒತ್ತಿದಳು. ಡ್ರಿಪ್ ಕಾಫಿ ಮೆಷಿನ್‌ಗಳ ಸಾಲಿನಲ್ಲಿ ತುದಿಯ ಪ್ಲಾಸ್ಟಿಕ್‌ನದಕ್ಕೆ ಮಾತ್ರ ದೀಪ ಹತ್ತಿತು.

"ಇದು ಎರಡು ವರ್ಷ ಬರುತ್ತೆ, ಮೇಡಂ," ಎಂದ ಸೇಲ್ಸ್‌ಮನ್.

ಅವಳು ಸೆರಗಿನಿಂದ ಗಾಜು ಒರೆಸಿ ಮತ್ತೆ ಒತ್ತಿದಳು. ಬೆರಳು ಒರೆಸಿಕೊಂಡು ಇನ್ನೊಮ್ಮೆ ಒತ್ತಿದಳು. ಅದೇ ದೀಪ.

ನಿಂತಲ್ಲಿ ನಿಲ್ಲಲಾರದೆ ಗಂಡ ಶ್ರೀಕಂಠ ಮುಂದೆ ಬಂದ. "ನನ್ನ ಹೆಸರಲ್ಲೇ ತಗೊಳ್ಳೋಣ ಬಿಡು." ಅವನ ಹೆಬ್ಬೆಟ್ಟಿಗೆ ಇಪ್ಪತ್ತೈದು ವರ್ಷ ಬಾಳುವ ಸ್ಟೀಲ್ ಮೆಷಿನ್ ಬೆಳಗಿತು. ಅವನು ಕೈಯನ್ನು ಜೇಬಿಗೆ ಸೇರಿಸಿದ.

ವಾರಿಜಾ ಅದರ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ರೀ, ಡಿಕಾಕ್ಷನ್‌ಗೆ ಎಷ್ಟು ಚಮಚ ಪುಡಿ ಹಾಕ್ಬೇಕು?"

"ನಂಗೇನು ಗೊತ್ತು? ಯಾವತ್ತೂ ನೀನೇ ಅಲ್ವಾ ಮಾಡೋದು."

"ಸ್ಟೀಲಿಂದೇ ಪ್ಯಾಕ್ ಮಾಡಪ್ಪ," ಎಂದು ಸೇಲ್ಸ್‌ಮನ್‌ಗೆ ಹೇಳಿ ಗಂಡನ ಕಡೆ ತಿರುಗಿದಳು. "ನಾಳೆಯಿಂದ ಕಾಫಿ ನೀವೇ ಮಾಡಿ. ರುಚಿ ಕೆಟ್ಟರೆ ಹೇಳೋಕೆ ಎರಡು ವರ್ಷ ನಾನಿರ್ತೀನಿ."