ಮೂರನೇ ಭಾನುವಾರ

ಮದುವೆ ಹಾಲ್‌ಗೆ ಎಂಬತ್ತು ಸಾವಿರ, ಬ್ಯಾಂಡಿಗೆ ಮೂವತ್ತು ಸಾವಿರ, ಮಗಳು ಐಡಾ ಚರ್ಚಿನ ಅಂಗಡಿಯಿಂದ ತಂದ ಕ್ರೈಸ್ತ ಪ್ರೇಮಕಾದಂಬರಿಗೆ ನೂರಿಪ್ಪತ್ತು ರೂಪಾಯಿ. ಮೂರೂ ದಂಡವೆಂದೇ ಪಾಸ್ಕಲನ ಲೆಕ್ಕ. ಚರ್ಚಿನ ಮೆಟ್ಟಿಲು ಹತ್ತದ ಆಸಾಮಿ ಅವನು, ಅಳಿಯನಾಗುವವನನ್ನಂತೂ ಕಂಡರಾಗದು.

"ಇನ್ನೂರು ಪುಟ ಆಯ್ತು, ಅವ ಇವಳ ಕೈ ಸಹ ಮುಟ್ಟಲಿಲ್ಲ. ಬರೀ ಪ್ರಾರ್ಥನೆ. ಇದೆಂತ ಪ್ರೀತಿ ಮಾರಾಯ್ತಿ?"

"ಹಾಗಾದ್ರೆ ಓದುವುದೆಂತಕ್ಕೆ ಪಪ್ಪಾ?"

"ಬೈಲಿಕ್ಕೆ."

ಮದುವೆಯಾಗುವವರ ಹೆಸರನ್ನು ಮೂರು ಭಾನುವಾರ ಚರ್ಚಿನ ಪೂಜೆಯಲ್ಲಿ ಓದುತ್ತಾರೆ. ಅಡ್ಡಿ ಇದ್ದವರು ಅಷ್ಟರೊಳಗೆ ಹೇಳಬೇಕು. ಹುಡುಗ ಹಿಂದೊಮ್ಮೆ ಇನ್ನೊಬ್ಬಳಿಗೆ ಮಾತು ಕೊಟ್ಟು ತಪ್ಪಿದ್ದು ಪಾಸ್ಕಲನಿಗೆ ಗೊತ್ತಿತ್ತು.

"ಕೊನೇ ಭಾನುವಾರ ನಾನೇ ಬಂದು ಎದ್ದು ನಿಲ್ತೇನೆ. ಈ ಮದುವೆ ಹೇಗೆ ಆಗ್ತದೆ ನೋಡ್ತೇನೆ," ಎಂದು ಮಗಳ ಮುಖಕ್ಕೇ ಹೇಳಿದ್ದ.

ಆ ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಸಿದ್ಧನಾದ. ಐಡಾ ಅಳುತ್ತಲೇ ಮುಂದೆ ಹೋದಳು. ಪೂಜೆಗೆ ಇನ್ನೂ ಅರ್ಧ ಗಂಟೆ ಇತ್ತು. ಪಾಸ್ಕಲ್ ಕಾದಂಬರಿ ಹಿಡಿದು ಕುರ್ಚಿಯಲ್ಲಿ ಕುಳಿತ.

ಐಡಾ ಹಿಂದಿರುಗಿದಾಗಲೂ ಅಲ್ಲೇ ಇದ್ದ.

"ಮೂರನೇ ಸಲ ಓದಿಯಾಯ್ತು ಪಪ್ಪಾ. ಯಾರೂ ಏಳಲಿಲ್ಲ. ನೀವು ಎಂತ ಬರಲಿಲ್ಲ?"

ಪಾಸ್ಕಲ್ ಕಣ್ಣೊರೆಸಿಕೊಂಡು ಪುಟ ತಿರುವಿದ.

"ಸ್ವಲ್ಪ ಸುಮ್ಮನಿರು. ಅವ ಈಗಷ್ಟೇ ಕೇಳಿದ, ಇವಳು ಇನ್ನೂ ಹೂಂ ಅನ್ನಲಿಲ್ಲ."