ನಲವತ್ತೈದು ಸಾಲದು

"ಇನ್ನೂ ಸ್ವಲ್ಪ ಕುಂಟು ಮಾರಾಯ್ತಿ, ಜನ ನೋಡ್ತಿದಾರೆ," ಎಂದು ಚನ್ನಕೇಶವ ಗೌಡರು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು.

ಕೃತಿಕಾ ಇನ್ನೂ ಸ್ವಲ್ಪ ಕುಂಟಿದಳು.

ಹದಿನೆಂಟು ವರ್ಷ ಇದೇ ಗೌಡರು ಇದೇ ಮಗಳಿಗೆ ಹೇಳುತ್ತಾ ಬಂದದ್ದು ಇದಕ್ಕೆ ತದ್ವಿರುದ್ಧ. ಹುಟ್ಟಿನಿಂದಲೇ ಅವಳ ಎಡಗಾಲು ಗಿಡ್ಡ, ಪಾದ ಸೊಟ್ಟ. ಮದುವೆ ಮನೆಗಳಿಗೆ ಎಲ್ಲರಿಗಿಂತ ಮೊದಲು ಕರೆದೊಯ್ದು ಕುರ್ಚಿಯಲ್ಲಿ ಕೂರಿಸುತ್ತಿದ್ದರು, ಎಲ್ಲರೂ ಹೋದ ಮೇಲೆ ಎಬ್ಬಿಸುತ್ತಿದ್ದರು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಾಳೂರಿನ ಎಸ್ಟೇಟಿಗೆ ಬಂದ ದಿನ ಅವಳು ಮಧ್ಯಾಹ್ನವಿಡೀ ತೋಟದ ಲೆಕ್ಕ ಬರೆಯುವ ರೈಟರ ಮನೆಯಲ್ಲಿ ಕೂತಿದ್ದಳು. ಹೋಳಿಗೆಯೂ ಅಲ್ಲಿಗೇ ಹೋಗಿತ್ತು. ಈಗ ಆ ಕಾಲಿಗೆ ಬೆಲೆ ಬಂದಿತ್ತು. ಅಂಗವಿಕಲರ ಕೋಟಾದಲ್ಲಿ ಸರ್ಕಾರಿ ಮೆಡಿಕಲ್ ಸೀಟು ಸಿಗುತ್ತದೆ ಎಂದು ಕ್ಲಬ್ಬಿನಲ್ಲಿ ಯಾರೋ ಹೇಳಿದ ಸಂಜೆಯೇ ಗೌಡರ ನಾಚಿಕೆ ಹೇಳಹೆಸರಿಲ್ಲದೆ ಹೋಯಿತು.

ಮೊದಲ ತಪಾಸಣೆಯಲ್ಲಿ ವೈದ್ಯರು ಅಂಗವೈಕಲ್ಯ ಎಂದು ಬರೆದದ್ದು ನಲವತ್ತೈದು ಪರ್ಸೆಂಟ್. ಗೌಡರಿಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಕಾಫಿ ಮಾರಿದ ಮನುಷ್ಯ. ಮೂಟೆಯಿಂದ ಹಿಡಿ ಕಾಫಿ ತೆಗೆದು, ಸಿಪ್ಪೆ ಹೋಗಿ ಬೀಜ ಎಷ್ಟು ಪರ್ಸೆಂಟ್ ಉಳಿಯಿತೆಂದು ನೋಡುವ ವ್ಯಾಪಾರಿ ಯಾವತ್ತೂ ಎರಡು ಕಡಿಮೆಯೇ ಹೇಳುತ್ತಾನೆ. ಔಟ್‌ಟರ್ನ್ ಎಂಬ ಆ ಲೆಕ್ಕ ಏರಬೇಕಾದರೆ ಜಗಳವಾಡಬೇಕು. ಮಗಳ ಕಾಲಿಗೂ ಅದೇ ನ್ಯಾಯ ಎಂದು ಅವರು ತೀರ್ಮಾನಿಸಿಬಿಟ್ಟರು. ಪರ್ಸೆಂಟ್ ಏರಿದಷ್ಟೂ ಸೀಟು ಗಟ್ಟಿ. ಈ ಮಾತು ನಿಜವೇ ಎಂದು ಯಾರನ್ನಾದರೂ ಕೇಳಬಹುದಿತ್ತು, ಆದರೆ ಕೇಳಿ ತಿಳಿಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಮೇಲ್ಮನವಿ ಹಾಕಿಯೇಬಿಟ್ಟರು. ಮೇಲ್ಮನವಿ ಮಂಡಳಿ ಬರೆದದ್ದೇ ಕೊನೆ, ಅದರ ಮೇಲೆ ಇನ್ನೊಂದು ಅರ್ಜಿ ಇಲ್ಲ ಎಂದು ಗುಮಾಸ್ತ ಎಚ್ಚರಿಸಿದಾಗ ನಕ್ಕರು.

ಆಗ ಕೃತಿಕಾ ಮಂಡಳಿಯ ಮುಂದೆ ಬರುವುದಿಲ್ಲ ಎಂದು ಹಠ ಹಿಡಿದಿದ್ದಳು. "ನಂಗೆ ಡಾಕ್ಟ್ರಾಗೋದು ಬೇಡ ಅಪ್ಪ. ತೋಟಗಾರಿಕೆ ಓದ್ತೀನಿ. ನಮ್ಮ ತೋಟ ನಾನೇ ನೋಡ್ಕೊಳ್ತೀನಿ."

"ಆ ಕಾಲಲ್ಲಿ ಗುಡ್ಡ ಹತ್ತೋದಾ? ಆಳುಗಳು ನಗ್ತಾರೆ. ಡಾಕ್ಟ್ರಾದ್ರೆ ಕುರ್ಚಿಲಿ ಕೂತಿರಬಹುದು, ಕಾಲು ಮೇಜಿನಡಿ ಇರ್ತದೆ."

ಅವಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಗೌಡರು ಜಗ್ಗಲಿಲ್ಲ. ಮೆಡಿಕಲ್ ಅಲ್ಲದೆ ಬೇರೆ ಯಾವ ಕಾಲೇಜಿಗೂ ಕಳಿಸುವುದಿಲ್ಲ ಎಂದರು. ನಾಲ್ಕನೆಯ ದಿನ ಸೀಟಿನ ಅರ್ಜಿ ತುಂಬಲು ಕೂತವಳು ಎದ್ದು ಬಂದು, ಆಯಿತು, ಬರುತ್ತೇನೆ ಎಂದಳು. ಅಂತೂ ಮಗಳಿಗೆ ಬುದ್ಧಿ ಬಂತು ಎಂದು ಗೌಡರು ಹೆಂಡತಿಯ ಮುಂದೆ ಮೀಸೆ ತಿರುವಿದರು.

ಈಗ ಮಂಡಳಿಯ ಕೋಣೆಯ ಮುಂದೆ ಉದ್ದನೆಯ ಸಾಲು. ಕಳಸದಿಂದ ಕಾಶೀನಾಥ ಮೇಷ್ಟರು, ಪಾರ್ಶ್ವವಾಯು ಬಡಿದ ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮೂರನೆಯ ಸಲ ಬಂದಿದ್ದರು. ಗೌಡರು ಅವರನ್ನು ದಾಟಿ ಮುಂದೆ ಹೋಗಿ ನಿಂತರು.

"ಎಲ್ಲ ನಾಟಕ ಇವ್ರದ್ದು," ಎಂದರು ಮಗಳ ಕಿವಿಯಲ್ಲಿ.

ಕೃತಿಕಾ ಕೇಳಿದಳು. "ನಂಗೆ ಎಷ್ಟು ಬರಬೇಕು ಅಪ್ಪ?"

"ಎಷ್ಟಾದ್ರೂ ಬರ್ಲಿ."

"ಎಂಬತ್ತು ದಾಟಿದ್ರೆ? ಆಮೇಲೆ ನನ್ನ ಬೈಬಾರ್ದು."

"ದಾಟ್ಲಿ ಮಾರಾಯ್ತಿ! ಬೈಯೋದೆಂತಕ್ಕೆ? ಕಾರು ಕೊಡಿಸ್ತೀನಿ."

ಒಳಗೆ ಮಂಡಳಿಯ ಡಾಕ್ಟರ್ ಶ್ರೀಹರಿ ಅವಳ ಎಡ ಪಾದಕ್ಕೆ ಅಂಗೈ ಕೊಟ್ಟು, ಒತ್ತು ಎಂದರು. ಅವಳು ಒತ್ತಲಿಲ್ಲ, ಮುಖ ಕಿವುಚಿಕೊಂಡಳು. ಬಲಗಾಲಲ್ಲಿ ಒತ್ತು ಎಂದರು. ಅದೂ ಗಡಗಡ ನಡುಗಿತು. ಒಂಟಿಕಾಲಲ್ಲಿ ನಿಲ್ಲು ಎಂದಾಗ ಅವರ ಮೇಲೆಯೇ ಬಿದ್ದಳು. ಬಾಗಿಲಲ್ಲಿದ್ದ ಗೌಡರು ಚಪ್ಪಾಳೆ ತಟ್ಟುವುದೊಂದು ಬಾಕಿ. ಇಂಥ ನಟಿ ತನ್ನ ಮನೆಯಲ್ಲೇ ಇದ್ದಳಲ್ಲ ಎಂದು ಎದೆಯುಬ್ಬಿತು. ಗೌಡರ ಪರವಾಗಿ ಯಾರೋ ದೊಡ್ಡವರ ಫೋನು ಬೆಳಿಗ್ಗೆಯೇ ಬಂದಿದ್ದರಿಂದ ಶ್ರೀಹರಿಯವರೂ ಹೆಚ್ಚು ಕೆದಕಲಿಲ್ಲ. ಎಂಬತ್ತನಾಲ್ಕು ಎಂದು ಬರೆದು ಮುದ್ರೆ ಒತ್ತಿದರು. ಮೇಷ್ಟರ ಹೆಂಡತಿಯ ಸರದಿ ಬರುವಷ್ಟರಲ್ಲಿ ಸಮಯ ಮುಗಿದು, ಮುಂದಿನ ತಿಂಗಳು ಬನ್ನಿ ಎಂದಾಯಿತು.

ಹಿಂದಿರುಗುವಾಗ ಆಲ್ದೂರಿನಲ್ಲಿ ಜೀಪು ನಿಲ್ಲಿಸಿ, ಗೌಡರು ಎದುರಾದವರಿಗೆಲ್ಲ ಎಂಬತ್ತನಾಲ್ಕು ಎಂದು ಹೇಳಿಕೊಂಡು ತಿರುಗಿದರು. ಮಗಳು ಜೀಪಿನಲ್ಲೇ ಕೂತು ಬೆಳ್ಳಗೆ ನಕ್ಕಳು.

ಎರಡು ವಾರದ ಮೇಲೆ ಬೆಂಗಳೂರಿನ ಸೀಟು ಹಂಚಿಕೆಯ ಕಚೇರಿಯಲ್ಲಿ, ದಾಖಲೆ ನೋಡುವ ರಂಜಿತಾ ಎಂಬ ಅಧಿಕಾರಿ ಪ್ರಮಾಣಪತ್ರ ಓದಿದರು. ಇನ್ನೊಮ್ಮೆ ಓದಿ ಫೈಲನ್ನು ಹಿಂದಕ್ಕೆ ತಳ್ಳಿದರು.

"ಇವರಿಗೆ ಸೀಟಿಲ್ಲ ಸರ್. ಈ ವರ್ಷದ ನಿಯಮ ನಲವತ್ತರಿಂದ ಎಂಬತ್ತರವರೆಗೆ ಮಾತ್ರ. ಅದರ ಮೇಲಿದ್ದವರು ಡಾಕ್ಟರ್ ಓದಿಗೆ ಅರ್ಹರಲ್ಲ. ನಲವತ್ತೈದು ಐವತ್ತು ಇದ್ದಿದ್ದರೆ ಇವರ ಅಂಕಕ್ಕೆ ಇವತ್ತೇ ಸಿಕ್ತಿತ್ತು."

ಗೌಡರು ಫೈಲನ್ನು ಮತ್ತೆ ಮುಂದಕ್ಕೆ ತಳ್ಳಿದರು. "ನಲವತ್ತೈದೇ ಇತ್ತು ಮೇಡಂ! ಇವಳಿಗೆಂತದೂ ಆಗಿಲ್ಲ, ಚೆನ್ನಾಗೇ ಓಡಾಡ್ತಾಳೆ! ಏಳೇ, ನಡೆದು ತೋರಿಸು!"

ಕೃತಿಕಾ ಕುರ್ಚಿಯಿಂದ ಏಳಲಿಲ್ಲ.

"ಮೇಲ್ಮನವಿ ಆದೇಶವೇ ಅಂತಿಮ ಸರ್, ನಾವೇನೂ ಮಾಡೋಕಾಗಲ್ಲ," ಎಂದರು ರಂಜಿತಾ. ಆಮೇಲೆ ಹುಡುಗಿಯ ಮುಖ ನೋಡಿ ಅವರಿಗೆ ಅಯ್ಯೋ ಅನ್ನಿಸಿತು. "ಅರ್ಜಿಯ ಮೊದಲನೇ ಪುಟದಲ್ಲೇ ಅಚ್ಚು ಹಾಕಿದೀವಲ್ಲಮ್ಮ. ತುಂಬುವಾಗ ಓದಲಿಲ್ವಾ?"

"ಓದಿದ್ದೆ ಮೇಡಂ," ಎಂದಳು ಕೃತಿಕಾ. "ಅದನ್ನ ಓದಿದ್ಮೇಲೇ ಮೇಲ್ಮನವಿಗೆ ಬರ್ತೀನಿ ಅಂತ ಒಪ್ಪಿದ್ದು."